ಪದ ಬೇಕು: ‘ಫ್ಲೈಟ್ ಸಿಮ್ಯುಲೇಟರ್’ ಆಡುವ ಕಂಪ್ಯೂಟರಿಗೆ ಬೋರ್ಡ್, ನಾಳೆ ಬೆಳಿಗ್ಗೆ ಕೊಡಬೇಕು

ಕೇಳಿದವರು, ಜಯನಗರ:

ಗೆಳೆಯರೇ, ಸ್ವಲ್ಪ ಅವಸರ. ನಮ್ಮ ಭಾವನವರದು ಎಸ್.ಪಿ. ರಸ್ತೆಯಲ್ಲಿ ಪುಟ್ಟ ಕಂಪ್ಯೂಟರ್ ಅಂಗಡಿ. ವಿಮಾನದ ಆಟ ಆಡುವವರಿಗೆಂದೇ ಕಂಪ್ಯೂಟರ್ ಜೋಡಿಸಿ ಕೊಡಲು ಈಗ ಶುರು ಮಾಡಿದ್ದಾರೆ. ರಾಜ್ಯದ ಕನ್ನಡ ಕಾಯ್ದೆಗೆ 2024ರ ತಿದ್ದುಪಡಿ ಬಂದ ಮೇಲೆ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲರ್ಧದಲ್ಲಿ. ಭಾವ ಏನು ಮಾಡಿದ್ದಾರೆ ಗೊತ್ತಾ? ‘ಫ್ಲೈಟ್ ಸಿಮ್ಯುಲೇಟರ್ ಪಿಸಿ ಬಿಲ್ಡ್ಸ್’ ಅಂತ ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಬರೆಸಿದ್ದಾರೆ. ಕಾನೂನಿಗೆ ಸರಿ ಹೋದೀತು, ನನಗೆ ಹೋಗುತ್ತಿಲ್ಲ.

ಬೋರ್ಡಿನ ಜೊತೆ ಒಂದು ಪುಟದ ಕರಪತ್ರವೂ ಇದೆ. ಅದರಲ್ಲಿ ನನಗೆ ತೊಡಕಾಗಿರುವುದು ಒಂದು ಸಾಲು: ‘ಈ ಆಟಕ್ಕೆ ಜಾಸ್ತಿ ಕ್ಯಾಶ್ ಇರುವ ಪ್ರೊಸೆಸರ್ ತೆಗೆದುಕೊಳ್ಳಿ.’ ಓದಿದ ನಮ್ಮತ್ತೆ ‘ಅಷ್ಟೊಂದು ದುಡ್ಡಾ?’ ಅಂದರು. ದುಡ್ಡಿನ ಕ್ಯಾಶೂ ಅದೇ, ಪ್ರೊಸೆಸರಿನ ಒಳಗಿರುವ ಚುರುಕು ಮೆಮೊರಿಯ ಕ್ಯಾಶೂ ಅದೇ. ಇಂಗ್ಲಿಷಿನಲ್ಲಿ ಬರಹ ಬೇರೆ, ನಮ್ಮಲ್ಲಿ ಎರಡಕ್ಕೂ ಒಂದೇ ಅಕ್ಷರ. ಈ ಸಾಲನ್ನು ಬಿಡುವ ಹಾಗೂ ಇಲ್ಲ. ಈ ಆಟದಲ್ಲಿ ಎಷ್ಟೋ ಸಲ ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ ಹೆಚ್ಚು ಹೊರೆ ಬೀಳುತ್ತದೆ. ಹಾಗಾಗಿ ಬರೀ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡವರು ಆಮೇಲೆ ಪೇಚಾಡುತ್ತಾರೆ. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರುಗಳಲ್ಲಿ 7700ಎಕ್ಸ್‌ನಲ್ಲಿ ಎಲ್3 ಕ್ಯಾಶ್ 32 ಎಂಬಿ, 7800ಎಕ್ಸ್3ಡಿಯಲ್ಲಿ 96. ಎರಡರಲ್ಲೂ ಕೋರ್ ಎಂಟೇ. ಆದರೂ ವಿಮಾನ ಹಾರಿಸಲು ಕೂತರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಇನ್ನೊಂದು, ‘ಸ್ಟಟರ್’. ಚಿತ್ರ ತಡೆತಡೆದು ಬರುವುದು. ಈ ಆಟಕ್ಕೆ ಸೆಕೆಂಡಿಗೆ 144 ಫ್ರೇಮ್ (ಬಿಡಿ ಚಿತ್ರ) ಬೇಕಿಲ್ಲ, 30–40 ಸಾಕು. ಆದರೆ ಅದು ಒಂದೇ ಸಮ ಬರಬೇಕು. ನಾಳೆ 11ಕ್ಕೆ ಬೋರ್ಡ್ ಬರೆಯುವವರು ಬರುತ್ತಾರೆ.

ಬಸವನಗುಡಿಯಿಂದ:

ಫ್ಲೈಟ್ ಸಿಮ್ಯುಲೇಟರಿಗೆ ‘ಬಾನೋಡದ ಹುಸಿಯಾಟ’. ಬಾನೋಡ ಅಂದರೆ ವಿಮಾನ. ಕಂಪ್ಯೂಟರಿಗೆ ‘ಎಣ್ಣುಕ’. ಇಷ್ಟು ಒಳ್ಳೆಯ ಕನ್ನಡ ಪದಗಳಿರುವಾಗ ಕೇಳುವುದೇನಿದೆ? ‘ಜಾಸ್ತಿ’ ತೆಗೆದು ‘ಹೆಚ್ಚು’ ಹಾಕಿ. ‘ಜಾಸ್ತಿ’ ಪಾರಸಿಯಿಂದ ಬಂದದ್ದು.

ಮಲ್ಲೇಶ್ವರದಿಂದ:

ಎಸ್.ಪಿ. ರಸ್ತೆಯಲ್ಲಿ ‘ಎಣ್ಣುಕ’ ಅಂತ ಬರೆದರೆ ಎಣ್ಣೆ ಅಂಗಡಿ ಅಂದುಕೊಂಡು ಸಂಜೆ ಹೊತ್ತಿಗೆ ಜನ ಬಂದಾರು, ಸ್ವಾಮಿ.

ಪ್ರಶ್ನೆಗೆ ಬರುತ್ತೇನೆ. ‘ವಿಮಾನಹಾರಾಟ’ ಅಂತ ಮಾತ್ರ ಬರೆಯಬೇಡಿ. ಸಂಸ್ಕೃತ ಕನ್ನಡ ಎರಡನ್ನೂ ಹೊಲಿದರೆ ಅರಿಸಮಾಸ. ವ್ಯಾಕರಣ ಬರೆದ ಕೇಶಿರಾಜ ಸುಮ್ನೆ ಹೇಳಲಿಲ್ಲ. ಸಂಸ್ಕೃತವಾದರೆ ಪೂರ್ತಿ ಸಂಸ್ಕೃತ: ‘ವಿಮಾನ ಚಾಲನಾನುಕರಣ ಕ್ರೀಡೆ’. ಅಂದ ಹಾಗೆ, ವಿಮಾನ ಅಂದರೆ ಗರ್ಭಗುಡಿಯ ಮೇಲಿನ ಶಿಖರವೂ ಹೌದು. ‘ಮಾ’ ಧಾತು, ಅಳೆಯುವುದು. ಹಾರುವುದಕ್ಕೂ ಆ ಧಾತುವಿಗೂ ಸಂಬಂಧವೇ ಇಲ್ಲ. ಆದರೂ ನಿಂತುಬಿಟ್ಟಿದೆ.

ವಿಜಯನಗರದಿಂದ:

‘ಚಾಲನಾನುಕರಣ’ ಅಂತ ಬೋರ್ಡ್ ಹಾಕಿದರೆ ಡ್ರೈವಿಂಗ್ ಸ್ಕೂಲ್ ಅಂದುಕೊಳ್ಳುತ್ತಾರೆ ಮೇಷ್ಟ್ರೇ.

ಪೇಪರಿನವರು ‘ಅಣಕು ಕಾರ್ಯಾಚರಣೆ’ ಅಂತ ಬರೆಯುತ್ತಾರಲ್ಲ, ಹಾಗೇ ‘ಅಣಕು ಹಾರಾಟ’ ಅನ್ನಬಹುದಲ್ವಾ? ಹಾರಾಟ ಕನ್ನಡ, ಅಣಕು ಕನ್ನಡ. ಅರಿಯೂ ಇಲ್ಲ, ಮಿತ್ರನೂ ಇಲ್ಲ.

ಮಲ್ಲೇಶ್ವರದಿಂದ:

ಅಣಕಿಸುವುದು ಗೇಲಿ ಮಾಡುವುದು. ಮಂಗ ಅಣಕಿಸುತ್ತದೆ. ‘ಹಾರಾಟ’ ಇನ್ನೂ ಕೆಟ್ಟದು. ‘ಏನು ನಿನ್ನ ಹಾರಾಟ’ ಅಂದರೆ ಏನರ್ಥ? ಬೇಡ.

ಮರತಹಳ್ಳಿಯಿಂದ:

ನಾನು ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಎಚ್‌ಎಎಲ್ ಶುರುವಾದದ್ದು 1940ರಲ್ಲಿ. ಈ ಊರಿನಲ್ಲಿ ಕನ್ನಡಿಗರು ವಿಮಾನ ಕಟ್ಟಲು ಶುರು ಮಾಡಿ ಎಂಬತ್ತು ವರ್ಷ ದಾಟಿತು. ನನ್ನ ಕಿವಿಗೆ ಒಂದು ದಿನವೂ ‘ಬಾನೋಡ’ ಬಿದ್ದಿಲ್ಲ. ರಿವೆಟ್ ಅಂದರೆ ರಿವೆಟ್ಟು, ರೆಕ್ಕೆ ಅಂದರೆ ರೆಕ್ಕೆ. ಎರಡೂ ಒಂದೇ ವಾಕ್ಯದಲ್ಲಿ ಬರುತ್ತಿದ್ದವು, ಜಗಳವಾಡುತ್ತಿರಲಿಲ್ಲ. ಸಿಮ್ಯುಲೇಟರಿಗೆ ಸಿಮ್ಯುಲೇಟರು. ಕೊನೆಗೊಂದು ‘ಉ’ ಹತ್ತಿಸಿ, ಕನ್ನಡವಾಯಿತು.

ಬಸವನಗುಡಿಯಿಂದ:

‘ಉ’ ಹತ್ತಿಸಿದರೆ ಕನ್ನಡವಾಗುವುದಾದರೆ ನಿಘಂಟು ಯಾಕೆ ಬೇಕು? ಈ ಸೋಮಾರಿತನದಿಂದಲೇ ಈ ಸ್ಥಿತಿ ಬಂದಿರುವುದು.

ಮರತಹಳ್ಳಿಯಿಂದ:

ನೀವು ಬರೆಯುವ ‘ಕಾಗದ’ ಪಾರಸಿ. ನೀವು ನಡೆಯುವ ‘ರಸ್ತೆ’ ಪಾರಸಿ. ಮೊದಲು ಅವನ್ನು ಬಿಟ್ಟು ಆಮೇಲೆ ಬನ್ನಿ.

ವಿಜಯನಗರದಿಂದ:

ಶುರುವಾಯಿತು. ಕೇಳಿದವರಿಗೆ ನಾಳೆ 11ಕ್ಕೆ ಬೇಕಂತೆ, ನೆನಪಿರಲಿ.

ಯಲಹಂಕದಿಂದ:

ನಾನು ಈ ಆಟ ಆಡುವವಳು, ಅದಕ್ಕೆ ಎರಡು ಮಾತು. ನಮ್ಮ ಮನೆಯಲ್ಲಿ ‘ಅಮ್ಮ ಏನು ಮಾಡ್ತಿದ್ದಾಳೆ’ ಅಂದರೆ ಮಗ ‘ವಿಮಾನ ಹಾರಿಸ್ತಿದ್ದಾಳೆ’ ಅನ್ನುತ್ತಾನೆ. ಅದೇ ಪದ. ಬೋರ್ಡಿಗೆ ‘ವಿಮಾನ ಹಾರಿಸುವ ಆಟ’ ಅಂತ ಬರೆಯಿರಿ. ಅರಿಸಮಾಸದ ಭಯವೂ ಬೇಡ. ‘ವಿಮಾನ ಹಾರಿಸು’ ಕ್ರಿಯಾಸಮಾಸ, ‘ಹಾರಿಸುವ ಆಟ’ ಗಮಕ. ಎರಡಕ್ಕೂ ವಿನಾಯಿತಿ ಇದೆ. ಮಲ್ಲೇಶ್ವರದವರು ಇದನ್ನು ಮರೆತಿರಲಾರರು.

ಇನ್ನು ಕ್ಯಾಶ್. ಮೂಲ ಹುಡುಕಿಕೊಂಡು ಹೋದರೆ ಫ್ರೆಂಚಿನ ‘ಬಚ್ಚಿಡು’ ಸಿಗುತ್ತದೆ. ಅದನ್ನು ಕನ್ನಡಕ್ಕೆ ತಂದರೆ ಇನ್‌ಕಮ್ ಟ್ಯಾಕ್ಸ್‌ನವರು ಬಾಗಿಲಿಗೆ ಬರುತ್ತಾರೆ. ಮೂಲ ಬಿಡಿ, ಅದು ಮಾಡುವ ಕೆಲಸ ನೋಡಿ. ಅಡುಗೆಮನೆಯಲ್ಲಿ ಒಗ್ಗರಣೆ ಡಬ್ಬಿ ಇರುತ್ತದಲ್ಲ, ಅದು ಕ್ಯಾಶ್. ಸಾಸಿವೆ, ಜೀರಿಗೆ, ಇಂಗು ಕೈಗೆ ಸಿಗುವ ಹಾಗೆ ಒಲೆ ಪಕ್ಕದಲ್ಲೇ. ಗೋಡೆಯ ಶೆಲ್ಫು ರ‍್ಯಾಮ್. ಅಟ್ಟ ಅಂದರೆ ಡಿಸ್ಕ್. ಎಣ್ಣೆ ಕಾದಾಗ ಸಾಸಿವೆಗೆ ಶೆಲ್ಫಿನ ತನಕ ಹೋಗಿ ಬಂದರೆ ಏನಾಗುತ್ತದೆ? ಹೊಗೆ. ಈ ಆಟದ ‘ಸ್ಟಟರ್’ ಅದೇ. ಡಬ್ಬಿ 32ರಿಂದ 96 ಆದರೆ ಓಡಾಟ ಕಡಿಮೆ.

ಅಟ್ಟವೂ ದೊಡ್ಡದಿರಲಿ ಅಂತ ಕರಪತ್ರದಲ್ಲಿ ಹಾಕಿ. ಮೈಕ್ರೋಸಾಫ್ಟಿನ ‘ಫ್ಲೈಟ್ ಸಿಮ್ಯುಲೇಟರ್’ನ 2020ರ ಆಟಕ್ಕೇ 150 ಜಿಬಿ ಜಾಗ ಕೇಳುತ್ತಾರೆ. 2024ರ ಆಟ ನೆಲದ ಚಿತ್ರಗಳನ್ನು ಜಾಸ್ತಿ ಇಂಟರ್ನೆಟ್ಟಿನಿಂದಲೇ ಎಳೆದುಕೊಳ್ಳುತ್ತದೆ. ಆ 2024ರ ಆಟಕ್ಕೆ ರ‍್ಯಾಮ್ 32 ಜಿಬಿ ಇದ್ದರೆ ಒಳ್ಳೆಯದು ಅಂತ ಅವರೇ ಹೇಳುತ್ತಾರೆ. ದುಡ್ಡಿಲ್ಲದವರು ಫ್ಲೈಟ್‌ಗೇರ್ ಆಡಲಿ, ಪುಕ್ಕಟೆ, ಹಳೇ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಭಾವನವರಿಗೆ ಈ ಸಾಲು ಇಷ್ಟವಾಗಲಿಕ್ಕಿಲ್ಲ.

ಮಲ್ಲೇಶ್ವರದಿಂದ:

ವಿನಾಯಿತಿ ಇದೆ. ಒಪ್ಪಿದೆ. ಆದರೆ ‘ಹಾರಿಸುವ’ ಬದಲು ‘ಹಾರುವ ಆಟ’ ಅಂತ ಚುಟುಕು ಮಾಡಲು ಹೋಗಬೇಡಿ. ಹಾರುವ ಅಂದರೆ ಬ್ರಾಹ್ಮಣ ಅಂತಲೂ ಅರ್ಥ.

ಬಸವನಗುಡಿಯಿಂದ:

ಹಳಗನ್ನಡದಲ್ಲಿ ಬ್ರಾಹ್ಮಣ ‘ಪಾರ್ವ’, ಹಾರುವುದು ‘ಪಾಱು’. ಒಂದರಲ್ಲಿ ಸಾದಾ ರೇಫೆ ‘ರ’, ಇನ್ನೊಂದರಲ್ಲಿ ಈಗ ಬಿಟ್ಟುಹೋಗಿರುವ ಶಕಟ ರೇಫೆ ‘ಱ’. ಶಕಟ ರೇಫೆಯನ್ನು ಉಳಿಸಿಕೊಂಡಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ಕ್ಯಾಶಿಗೆ ‘ಒಗ್ಗರಣೆ ಡಬ್ಬಿ’ ನಗೆಪಾಟಲು. ‘ಕೈಗೂಡು’ ಅನ್ನಿ.

ಯಲಹಂಕದಿಂದ:

‘ಕೈಗೂಡು’ ಅಂದರೆ ನೆರವೇರು. ‘ಹೆಚ್ಚು ಕೈಗೂಡಿರುವ ಪ್ರೊಸೆಸರ್’ ಅಂತ ಓದಿ ನೋಡಿ, ಸರ್.

ಕೇಳಿದವರು, ಜಯನಗರ:

ಎಲ್ಲರಿಗೂ ನಮಸ್ಕಾರ. ಬೋರ್ಡಿಗೆ ಹೀಗೆ ಕೊಟ್ಟೆ: ‘ವಿಮಾನ ಹಾರಿಸುವ ಆಟಕ್ಕೆ ತಕ್ಕ ಕಂಪ್ಯೂಟರ್ ಜೋಡಿಸಿ ಕೊಡುತ್ತೇವೆ.’ ಕೆಳಗೆ ಸಣ್ಣದಾಗಿ ಇಂಗ್ಲಿಷ್. ಬೋರ್ಡ್ ಬರೆಯುವವರು ಮೊದಲ ಸಲ ‘ಹಾರೈಸುವ’ ಅಂತ ಬರೆದಿದ್ದರು. ಪಕ್ಕದಲ್ಲೇ ನಿಂತಿದ್ದೆ, ಅಲ್ಲೇ ಅಳಿಸಿ ತಿದ್ದಿಸಿದೆ.

ಕರಪತ್ರದಲ್ಲಿ ಕ್ಯಾಶ್ ಹೋಗಿ ‘ಪ್ರೊಸೆಸರಿನ ಒಳಗಿನ ಮೆಮೊರಿ’ ಬಂತು. ಅತ್ತೆ ಓದಿ ಸುಮ್ಮನಾದರು, ಅಂದರೆ ಪಾಸು. ಒಗ್ಗರಣೆ ಡಬ್ಬಿಯ ಮಾತನ್ನು ಭಾವ ಅಂಗಡಿಗೆ ಬಂದವರಿಗೆ ಬಾಯಲ್ಲಿ ಹೇಳುತ್ತಾರಂತೆ, ಅಚ್ಚಿಗೆ ಬೇಡ ಅಂದರು. ‘ಸ್ಟಟರ್’ಗೆ ‘ಚಿತ್ರ ತೊದಲುತ್ತದೆ’ ಅಂತ ನಾನೇ ಹಾಕಿದೆ. ಯಾರೂ ಜಗಳ ತೆಗೆಯದ ಪದ ಅದೊಂದೇ, ಯಾಕೆಂದರೆ ಅದರ ಕಡೆ ಯಾರೂ ನೋಡಲೇ ಇಲ್ಲ. ‘ಜಾಯ್‌ಸ್ಟಿಕ್’ ಹಾಗೇ ಉಳಿಯಿತು. ‘ಜಾಸ್ತಿ’ಯೂ ಉಳಿಯಿತು.

ಬಸವನಗುಡಿಯಿಂದ:

‘ಜೋಡಿಸಿಕೊಡುತ್ತೇವೆ’ ಒಂದೇ ಪದ. ಬಿಡಿಸಿ ಬರೆಯಬಾರದು.