ಅಪ್‌ಡೇಟ್: ಆಯುಧ ಬೀಳಿಸುವ ನಿಯಮ ಬದಲಾಯಿಸಿದೆ

ಡಂಜನ್ಸ್ ಅಂಡ್ ಡ್ರಾಗನ್ಸ್ (ದಾಳ ಉರುಳಿಸಿ ಪಾತ್ರ ವಹಿಸಿ ಆಡುವ ಕಥೆಯಾಟ) ಐದನೇ ಆವೃತ್ತಿಯ ನಮ್ಮ ಆಟದಲ್ಲಿ ಎಲ್ಲರೂ ಪ್ರತಿ ಸುತ್ತಿಗೂ ಎದುರಾಳಿಯ ಕತ್ತಿ ಬೀಳಿಸಲು ನೋಡುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೆ. ನಾವು ಬಳಸುತ್ತಿದ್ದದ್ದು 2014ರ ಐಚ್ಛಿಕ ನಿಯಮ: ದಾಳಿ ಮಾಡುವವರ ದಾಳದ ರೋಲ್‌ಗೆ ಎದುರಾಗಿ ಎದುರಾಳಿಯ ಅಥ್ಲೆಟಿಕ್ಸ್ (ಬಲ) ಅಥವಾ ಅಕ್ರೋಬ್ಯಾಟಿಕ್ಸ್ (ಚುರುಕುತನ) ರೋಲ್. ದಾಳಿ ಮಾಡಿದವರು ಸೋತರೆ ಒಂದು ದಾಳಿ ಹೋಯ್ತು, ಅಷ್ಟೇ. ಬ್ಯಾಟಲ್ ಮಾಸ್ಟರ್ (ಯುದ್ಧತಂತ್ರಗಳಲ್ಲಿ ನುರಿತ ಯೋಧನ ಪಾತ್ರ) ಆಡುವ ಗೆಳತಿಗೆ ಇದೇ ಬೇಸರ. ಅದೇ ಕೆಲಸಕ್ಕೆ ಅವಳು ಸುಪೀರಿಯಾರಿಟಿ ಡೈಸ್ (ಆ ಪಾತ್ರಕ್ಕೆ ಮಿತವಾಗಿ ಸಿಗುವ ವಿಶೇಷ ದಾಳಗಳು) ಖರ್ಚು ಮಾಡಬೇಕು, ಅಲ್ವಾ?

ನೀವು ಹೇಳಿದಂತೆ ಒಂದೇ ಸಾಲು ಸೇರಿಸಿದೆ. ಪ್ರಯತ್ನ ತಪ್ಪಿದರೆ ಎದುರಾಳಿ ತನ್ನ ರಿಯಾಕ್ಷನ್ (ಸುತ್ತಿಗೊಮ್ಮೆ ಸಿಗುವ ಪ್ರತಿಕ್ರಿಯೆ) ಬಳಸಿ ತಿರುಗಿ ಹೊಡೆಯಬಹುದು. ಡೈಸ್ ಖರ್ಚು ಮಾಡುವವಳಿಗೆ ಆ ಅಪಾಯವಿಲ್ಲ.

ಮೂರು ಸಲ ಆಡಿದೆವು. ಸುಮ್ನೆ ಪ್ರಯತ್ನಿಸುವುದು ನಿಂತಿದೆ. ಕಳೆದ ವಾರ ಸೇತುವೆ ಮೇಲೆ ಅವಳು ಡಕಾಯಿತರ ನಾಯಕನ ಕೊಡಲಿಯನ್ನು ಹೊಳೆಗೆ ಬೀಳಿಸಿದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ತುಂಬಾ ಥ್ಯಾಂಕ್ಸ್!