ವಿಶ್ವಾಸವಿದ್ದರೂ ಸಮಾಧಾನವಿಲ್ಲವೆಂದರೆ ಏನರ್ಥ?

ಪ್ರಶ್ನೆ:
ಯೇಸು ಕ್ರಿಸ್ತನನ್ನು ನಂಬಿ ಹಲವು ವರ್ಷಗಳಾಗಿವೆ. ಪ್ರಾರ್ಥನೆಯನ್ನಾಗಲಿ ಸತ್ಯವೇದದ ಓದನ್ನಾಗಲಿ ಬಿಟ್ಟವನಲ್ಲ. ಆದರೂ ಆರೋಗ್ಯ, ಕೆಲಸ, ಮಕ್ಕಳ ಭವಿಷ್ಯ ಎಂದು ಆತಂಕ ಕಾಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೀಗೆ ಹೆದರುವ ನಾನು ನಿಜವಾಗಿಯೂ ದೇವರ ಮಗನೇ ಎಂಬ ಸಂಶಯವೇ ನನ್ನನ್ನು ಅಲುಗಾಡಿಸುತ್ತದೆ. ಸಭೆಯಲ್ಲಿ ಉಳಿದವರು ಸಮಾಧಾನದ ಸಾಕ್ಷಿ ಹೇಳುವಾಗ ನನಗೆ ಹೇಳಲು ಏನೂ ಇರುವುದಿಲ್ಲ. ನನ್ನ ವಿಶ್ವಾಸದಲ್ಲಿ ಕೊರತೆಯಿದೆಯೇ?

ಉತ್ತರ 1:
ಸಮಾಧಾನದ ಅನುಭವವನ್ನೇ ವಿಶ್ವಾಸದ ಅಳತೆಗೋಲಾಗಿ ಮಾಡಿಕೊಂಡಿದ್ದೀರಿ ಎಂದು ತೋರುತ್ತದೆ. ಯಾವುದಕ್ಕೂ ಚಿಂತಿಸದೆ ಬೇಕಾದುದನ್ನು ದೇವರ ಮುಂದಿಡಿರಿ, ಗ್ರಹಿಕೆಗೆ ಮೀರಿದ ಶಾಂತಿ ನಿಮ್ಮ ಹೃದಯವನ್ನು ಕಾಯುವುದು ಎಂದು ಫಿಲಿಪ್ಪಿಯವರಿಗೆ ಬರೆದಾಗ ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದನು. ಅದೇ ಪೌಲನು, ಎಲ್ಲ ಸಭೆಗಳ ಚಿಂತೆ ದಿನದಿನವೂ ತನ್ನನ್ನು ಒತ್ತುತ್ತಿದೆ ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11ನೇ ಅಧ್ಯಾಯದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾನೆ. ಚಿಂತೆ ಬಂದದ್ದೇ ಅವಿಶ್ವಾಸವಾದರೆ ಪೌಲನೂ ಅವಿಶ್ವಾಸಿಯೇ ಆಗಬೇಕು! ಯೇಸು ತನ್ನನ್ನು ಕುರುಬನೆಂದೂ ತನ್ನವರನ್ನು ಕುರಿಗಳೆಂದೂ ಕರೆಯುವ ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಕುರಿಗಳ ಭದ್ರತೆ ಇರುವುದು ಕುರುಬನ ಕೈಯಲ್ಲಿ; ಕುರಿಗಳಿಗೆ ಆ ಹೊತ್ತಿನಲ್ಲಿ ಏನನ್ನಿಸುತ್ತದೆ ಎಂಬುದರ ಮೇಲೆ ಅದು ನಿಂತಿಲ್ಲ.

ಉತ್ತರ 2:
18ನೇ ಶತಮಾನದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿಯ ದಿನಚರಿ ನಿಮ್ಮ ಸಂಶಯಕ್ಕೆ ಬಹಳ ಹತ್ತಿರದ್ದು. 1736ರಲ್ಲಿ ಅವರು ಅಮೆರಿಕಕ್ಕೆ ಹೊರಟಿದ್ದ ಹಡಗು ಬಿರುಗಾಳಿಗೆ ಸಿಕ್ಕಾಗ ಅದರಲ್ಲಿದ್ದ ಮೊರಾವಿಯನ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ವಿಶ್ವಾಸಿಗಳು ನೆಮ್ಮದಿಯಿಂದ ಕೀರ್ತನೆ ಹಾಡುತ್ತಿದ್ದರು. ಪಾದ್ರಿಯಾಗಿದ್ದ ವೆಸ್ಲಿ ಮರಣಕ್ಕೆ ಹೆದರಿದ್ದರು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ, ಕ್ರಿಸ್ತನು ತಮ್ಮ ಪಾಪಗಳನ್ನೂ ತೆಗೆದುಹಾಕಿದ್ದಾನೆ ಎಂಬ ನಿಶ್ಚಯ ಅವರಿಗೆ ದೊರೆಯಿತು. ಪ್ರಸಂಗಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆದರೆ ಇದು ವಿಶ್ವಾಸವಾದರೆ ಸಂತೋಷವೆಲ್ಲಿ ಎಂಬ ಪ್ರಶ್ನೆ ಸ್ವಲ್ಪ ಹೊತ್ತಿನಲ್ಲೇ ತಮ್ಮನ್ನು ಕಾಡಿತೆಂದು ಅವರೇ ಬರೆದಿದ್ದಾರೆ. ಉಕ್ಕುವ ಸಂತೋಷವನ್ನು ದೇವರು ಕೆಲವೊಮ್ಮೆ ಕೊಡುತ್ತಾನೆ, ಕೆಲವೊಮ್ಮೆ ತಡೆಹಿಡಿಯುತ್ತಾನೆ ಎಂದು ಆಗ ಅವರು ಅರಿತುಕೊಂಡರು.

ಉತ್ತರ 3:
ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಎಲ್ಲ ಆತಂಕವೂ ಆತ್ಮಿಕ ಪ್ರಶ್ನೆಯಲ್ಲ. ಒಂದನೆಯ ಅರಸುಗಳು 19ನೇ ಅಧ್ಯಾಯದಲ್ಲಿ ಪ್ರವಾದಿಯಾದ ಎಲೀಯನು ಸಾವನ್ನೇ ಬೇಡಿಕೊಂಡಾಗ ದೇವದೂತನು ಅವನನ್ನು ಗದರಿಸಲಿಲ್ಲ. ಮಲಗಿದ್ದವನನ್ನು ತಟ್ಟಿ ಎಬ್ಬಿಸಿ ಎರಡು ಬಾರಿ ಊಟ ಕೊಟ್ಟನು. ಆದ್ದರಿಂದ ವಾರಗಟ್ಟಲೆ ನಿದ್ರೆ ಬಾರದಿದ್ದರೆ ವೈದ್ಯರನ್ನು ಕಾಣಿರಿ; ಅದು ಅವಿಶ್ವಾಸವಾಗುವುದಿಲ್ಲ. ಇನ್ನು ಸಾಕ್ಷಿಯ ವಿಷಯ: 88ನೇ ಕೀರ್ತನೆ ಕತ್ತಲೆಯ ಮಾತಿನಿಂದಲೇ ಕೊನೆಗೊಳ್ಳುತ್ತದೆ, ಆದರೂ ಅದು ಸತ್ಯವೇದದಲ್ಲಿದೆ. ಸಭೆಯಲ್ಲಿ ಅದನ್ನೇ ಓದಿ, ಇದು ಈಗ ನನ್ನ ಪ್ರಾರ್ಥನೆ ಎಂದು ಹೇಳಲು ನೀವು ಹಿಂಜರಿಯಬೇಕಿಲ್ಲ.