ಗಾಲ್ಫ್‌ಗೆ ಕೂಲಿಂಗ್ ಗ್ಲಾಸ್: ಪೋಲರೈಸ್ಡ್ ಬೇಕಾ, ಬೇಡ್ವಾ? ಹಾಕಿ ನೋಡಿದವರು ಹೇಳಿ

ವೀಕೆಂಡ್ ಬೋಗಿ:
ವಯಸ್ಸು 47. ದೂರದ ಪವರ್ ಮೈನಸ್ 3.5, ದಿನಾ ಹಾಕುವುದು ಪ್ರೋಗ್ರೆಸಿವ್ (ದೂರದ್ದು, ಓದುವುದು ಎರಡೂ ಒಂದೇ ಲೆನ್ಸ್‌ನಲ್ಲಿ). ಶನಿವಾರ, ಭಾನುವಾರ ಬೆಂಗಳೂರಿನಲ್ಲಿ ಆಡುತ್ತೇನೆ. ಮುಂಜಾನೆ ಟೀ ಆಫ್ (ಮೊದಲ ಹೊಡೆತ) ಹೊತ್ತಿಗೆ ತೊಂದರೆ ಇಲ್ಲ, ಬ್ಯಾಕ್ ನೈನ್ (ಕೊನೆಯ ಒಂಬತ್ತು ಹೋಲ್) ಬರುವಷ್ಟರಲ್ಲಿ ಕಣ್ಣು ಉರಿ, ನೀರು. ಕಾಂಟ್ಯಾಕ್ಟ್ ಲೆನ್ಸ್ ನನಗೆ ಆಗಿ ಬರುವುದಿಲ್ಲ. ಬಜೆಟ್ 12,000. ಪೋಲರೈಸ್ಡ್ (ಹೊಳಪು ತಡೆಯುವ ಲೆನ್ಸ್) ತಗೊಳ್ಳಬೇಕಾ? ಯಾವ ಬಣ್ಣ? ಸ್ವಂತ ಅನುಭವ ಇದ್ದವರು ಹೇಳಿ, ಯೂಟ್ಯೂಬ್ ನೋಡಿ ತಲೆ ಕೆಟ್ಟಿದೆ.

ಥ್ರೀ ಪಟ್ ರಾಯ:
ಪೋಲರೈಸ್ಡ್ ಮಾತ್ರ ಬೇಡ. ನನ್ನ ಕಥೆ ಕೇಳಿ. ದುಬೈಯಲ್ಲಿರುವ ಭಾವಮೈದನ ಕೈಲಿ ತರಿಸಿದ್ದು, 920 ದಿರ್ಹಮ್, ನಮ್ಮ ದುಡ್ಡಲ್ಲಿ 20,000 ದಾಟಿತು. ಅಂಗಡಿಯವನು "ಸರ್, ಗಾಲ್ಫ್‌ಗೆ ಇದೇ ಬೆಸ್ಟ್" ಅಂದನಂತೆ. ಅವನು ಜೀವನದಲ್ಲಿ ಒಂದು ಪಟ್ (ಬಾಲ್ ಕಪ್‌ಗೆ ಉರುಳಿಸುವ ಹೊಡೆತ) ಹೊಡೆದಿದ್ದರೆ ಕೇಳಿ. ನಮ್ಮ ಗ್ರೀನ್ (ಪಟ್ ಮಾಡುವ ನುಣುಪು ಜಾಗ) ಬರ್ಮುಡಾ ಹುಲ್ಲಿನದು. ಹುಲ್ಲು ನಮ್ಮಿಂದ ಆಚೆಗೆ ಬಾಗಿದ್ದರೆ ಹೊಳೆಯುತ್ತದೆ, ನಮ್ಮ ಕಡೆಗೆ ಬಾಗಿದ್ದರೆ ಮಂಕಾಗಿ ಕಪ್ಪಗೆ ಕಾಣುತ್ತದೆ. ಗ್ರೇನ್, ಅಂದರೆ ಹುಲ್ಲು ಬಾಗಿದ ದಿಕ್ಕು, ಓದುವುದೇ ಆ ಹೊಳಪಿನಿಂದ. ಪೋಲರೈಸ್ಡ್ ಲೆನ್ಸ್ ಮಾಡುವ ಕೆಲಸವೇ ಹೊಳಪು ತೆಗೆಯುವುದು. ಇಡೀ ಗ್ರೀನ್ ಒಂದೇ ಬಣ್ಣ! ಕ್ಲಬ್‌ನ ಮಂತ್ಲಿ ಮೆಡಲ್ ಪಂದ್ಯದಲ್ಲಿ ಡೌನ್ ಗ್ರೇನ್ (ಹುಲ್ಲು ಬಾಗಿದ ಕಡೆಗೇ ಹೊಡೆತ, ಬಾಲ್ ಜಾಸ್ತಿ ಓಡುತ್ತದೆ) ಅಂತ ಗೊತ್ತಾಗದೆ ಹೊಡೆದ ಪಟ್ ಕಪ್ ದಾಟಿ ಆರಡಿ ಹೋಯಿತು, ವಾಪಸ್ ಬರೋಕೆ ಇನ್ನೆರಡು. ಸಾಲದ್ದಕ್ಕೆ ದೂರ ಅಳೆಯುವ ರೇಂಜ್‌ಫೈಂಡರ್ ಸ್ವಲ್ಪ ಓರೆ ಹಿಡಿದರೆ ಒಳಗಿನ ನಂಬರ್ರೇ ಮಾಯ. ನೋಸ್ ಪ್ಯಾಡ್ ಕಿತ್ತುಬಂತು, ಇಲ್ಲಿ ಆ ಮಾಡೆಲ್‌ಗೆ ಸಿಗುವುದಿಲ್ಲ, ಯಾವುದೋ ಒಂದನ್ನು ಅಂಟಿಸಿದ್ದಕ್ಕೆ 650. ಈಗ ಹಾಕುವುದು ಗುಲಾಬಿ ಛಾಯೆಯ ಸಾದಾ ಲೆನ್ಸ್, 6,800. ಹಸಿರು ಎದ್ದು ಕಾಣುತ್ತದೆ, ಗ್ರೇನೂ ಕಾಣುತ್ತದೆ. ಓಕ್ಲಿಯವರು ಗಾಲ್ಫ್‌ಗೆ ಅಂತಲೇ ಮಾಡುವ ಪ್ರಿಜ್ಮ್ ಲೆನ್ಸ್ ಕೂಡ ಸಾಮಾನ್ಯವಾಗಿ ಪೋಲರೈಸ್ಡ್ ಅಲ್ಲ. ಸುಮ್ನೆ ಬಿಟ್ಟಿದ್ದಾರಾ ಅವರು?

ಬೆಟ್ಟದ ತಪ್ಪಲು:
ರಾಯರೇ, ಗ್ರೇನ್ ನೋಡೋಕೆ ಮೊದಲು ಕಣ್ಣು ಇರಬೇಕಲ್ಲ. ನಾನು ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ ಆಡುವವಳು. ವರ್ಷಾನುಗಟ್ಟಲೆ ಬರೀ ಕ್ಯಾಪ್ ಹಾಕಿ ಆಡಿದೆ. ಎಡಗಣ್ಣಿನಲ್ಲಿ ಮೂಗಿನ ಕಡೆಯಿಂದ ಮಾಂಸ ಬೆಳೆದು ಕಪ್ಪುಗುಡ್ಡೆ ಮೇಲೆ ಹತ್ತಿತು. ಟೆರಿಜಿಯಂ ಎನ್ನುತ್ತಾರೆ, ಬಿಸಿಲು, ಧೂಳು ಎರಡರಿಂದಲೂ ಬರುತ್ತದೆ. ಆಪರೇಷನ್‌ಗೆ 34,000. ಅದಕ್ಕೆ ಮುಂಚಿನ ಟೆಸ್ಟ್‌ಗಳು 2,850. ಅದೇ ಕಣ್ಣಿನ ಬೇರೆ ಜಾಗದಿಂದ ತೆಳು ಪೊರೆ ತೆಗೆದು ಕೆರೆದ ಜಾಗಕ್ಕೆ ಅಂಟಿಸುತ್ತಾರೆ. ಆಮೇಲೆ ವಾರಗಟ್ಟಲೆ ಸ್ಟೀರಾಯ್ಡ್ ಡ್ರಾಪ್ಸ್, ಕಡಿಮೆ ಮಾಡುತ್ತಾ ಮಾಡುತ್ತಾ ಬರಬೇಕು. ಇನ್ಶೂರೆನ್ಸ್‌ನವರು "ಇದು ಸೌಂದರ್ಯಕ್ಕೆ ಮಾಡಿಸಿದ್ದು" ಅಂತ ಕ್ಲೇಮ್ ತಳ್ಳಿಹಾಕಿದರು. ಡಾಕ್ಟರ್ ಹತ್ತಿರ ಪತ್ರ ಬರೆಸಿ, ಫೋಟೋ ಕಳಿಸಿ, ಜಗಳ ಆಡಿ, ಕೊನೆಗೆ ಕೈಗೆ ಬಂದಿದ್ದು 19,000. ಅಷ್ಟು ದಿನ ಕ್ಲಬ್ ಕಡೆ ತಲೆ ಹಾಕಿಲ್ಲ, ಸಬ್‌ಸ್ಕ್ರಿಪ್ಷನ್ ಮಾತ್ರ ತಿಂಗಳು ತಿಂಗಳು ಕಟ್ಟಿದೆ. ಈಗ ಮುಖಕ್ಕೆ ಒತ್ತಿಕೊಳ್ಳುವ ಪೋಲರೈಸ್ಡ್ ಹಾಕುತ್ತೇನೆ, ಪಕ್ಕದಿಂದ ಬೆಳಕು, ಧೂಳು ಎರಡೂ ಬರುವುದಿಲ್ಲ. ಆಟದಲ್ಲಿ ಒಂದು ಸ್ಟ್ರೋಕ್ ಜಾಸ್ತಿ ಆದರೆ ಆಗಲಿ.

ಥ್ರೀ ಪಟ್ ರಾಯ:
ಮೇಡಂ, ನಿಮ್ಮ ಕಣ್ಣಿಗೆ ಆಗಿದ್ದಕ್ಕೆ ಬೇಜಾರಿದೆ. ಆದರೆ ಕಣ್ಣು ಕಾಪಾಡಿದ್ದು ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆ ಮತ್ತು ಮುಖಕ್ಕೆ ಒತ್ತಿದ ಫ್ರೇಮ್. ಪೋಲರೈಸೇಷನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಸಾದಾ ಲೆನ್ಸ್‌ನಲ್ಲೂ ಯುವಿ 400, ಅಂದರೆ ಪೂರ್ತಿ ಯುವಿ ತಡೆ, ಬರುತ್ತದೆ. ಹೊಸಬರಿಗೆ ತಪ್ಪು ತಿಳಿಸಬೇಡಿ.

ಬೆಟ್ಟದ ತಪ್ಪಲು:
ತಪ್ಪು ಏನು ಹೇಳಿದೆ? ನನಗೆ ಒಗ್ಗಿದ್ದು ಹೇಳಿದೆ. ನೀರಿನ ಪಕ್ಕದ ಹೋಲ್‌ನಲ್ಲಿ, ಮೈಸೂರು-ಬೆಂಗಳೂರು ರಸ್ತೆಯಲ್ಲಿ ಕಾರು ಓಡಿಸುವಾಗ ಪೋಲರೈಸ್ಡ್ ಎಷ್ಟು ಆರಾಮ ಅಂತ ಹಾಕಿದವರಿಗೆ ಗೊತ್ತು. ಪಟ್ ಮಾಡುವಾಗ ಕ್ಯಾಪ್ ಮೇಲೆ ಏರಿಸಿದರೆ ಆಯಿತು. ನಿಮಗೆ ಅಷ್ಟೂ ಹೊಳೆಯಲಿಲ್ಲವಾ?

ಹಳೇ ಚಶ್ಮಾ:
ಇಬ್ಬರೂ ಪವರ್ ಇಲ್ಲದವರು, ಪುಣ್ಯವಂತರು. ನನ್ನದು ಮೈನಸ್ 4.25. ಆ ಬಾಗಿದ ಸ್ಪೋರ್ಟ್ಸ್ ಫ್ರೇಮ್ ನೋಡಿ ಆಸೆಯಾಯಿತು. ಅಂಥದ್ದೇ ಹಾಕಿ ಆಡುತ್ತಿದ್ದ ಡೇವಿಡ್ ಡುವಾಲ್ 2001ರ ಬ್ರಿಟಿಷ್ ಓಪನ್ ಗೆದ್ದಾಗಿನಿಂದ ಇದ್ದ ಆಸೆ ಅದು. ಒಂದು ದೊಡ್ಡ ಮಳಿಗೆಯಲ್ಲಿ "ಪವರ್ ಹಾಕಿಕೊಡುತ್ತೇವೆ ಸರ್, ಪ್ರೋಗ್ರೆಸಿವ್ ಕೂಡ" ಅಂದರು. ಫ್ರೇಮ್ 5,900, ಲೆನ್ಸ್ 11,400, ಕೋಟಿಂಗ್ ಬೇರೆ 1,800. ಮೂರು ವಾರ ಅಂದವರು ಆರು ವಾರ ಮಾಡಿದರು. ಹಾಕಿಕೊಂಡು ಹೊಡೆಯೋಕೆ ಟೀ ಮೇಲೆ ನಿಂತರೆ ಅಂಚಿನಲ್ಲಿ ನೆಲ ಈಜಾಡುತ್ತದೆ. ಫ್ರೇಮ್ ಬಾಗಿದಷ್ಟೂ ಪವರ್ ಅಂಚಿನಲ್ಲಿ ಎಳೆಯುತ್ತದೆ. ಬಾಲ್ ನೋಡೋಕೆ ಕಣ್ಣು ಕೆಳಗಿಳಿಸಿದರೆ ಓದುವ ಪವರ್ ಬಂದು ಬಾಲ್ ಮಸುಕು. ಸರಿಯಾಗಿ ಕಾಣಲಿ ಅಂತ ಗದ್ದ ಎದೆಗೆ ಒತ್ತಿದರೆ ಭುಜ ತಿರುಗುವುದಿಲ್ಲ, ಟಾಪ್ (ಬಾಲ್‌ನ ತಲೆಗೆ ಏಟು) ಮೇಲೆ ಟಾಪ್. ಮಳಿಗೆಯವರನ್ನು ಕೇಳಿದರೆ "ಅಭ್ಯಾಸ ಆಗುತ್ತದೆ ಸರ್". ಹೊಸದಾಗಿ ಮಾಡಿಕೊಡಿ ಎಂದರೆ ಇನ್ನೂ 4,500 ಕೇಳಿದರು, ನಾನು ಕೊಡಲಿಲ್ಲ. ಆಮೇಲೆ ಅವೆನ್ಯೂ ರೋಡ್ ಕಡೆ ಒಂದು ಸಣ್ಣ ಅಂಗಡಿಯವರು ನನ್ನದೇ ಹಳೇ ಚಪ್ಪಟೆ ಹಾಫ್ ರಿಮ್ ಫ್ರೇಮ್‌ಗೆ ಬರೀ ದೂರದ ಪವರ್, ಪಾಲಿಕಾರ್ಬೊನೇಟ್, ಕಂದು ಬಣ್ಣ, 85 ಪರ್ಸೆಂಟ್ ಟಿಂಟ್ ಹಾಕಿಕೊಟ್ಟರು. 3,200. ಕೆಳಗೆ ರಿಮ್ ಇಲ್ಲ, ಹಾಗಾಗಿ ಬಾಲ್‌ಗೆ ಅಡ್ಡ ಏನೂ ಬರುವುದಿಲ್ಲ. ಸ್ಕೋರ್ ಕಾರ್ಡ್ ಬರೆಯುವಾಗ ತೆಗೆಯುತ್ತೇನೆ, ಅಷ್ಟೇ.

ಒಂದೇ ಕನ್ನಡಕ:
ಇಷ್ಟೆಲ್ಲ ಯಾಕೆ? ಫೋಟೊಕ್ರೋಮಿಕ್ ಹಾಕಿಸಿ, ಬಿಸಿಲಿಗೆ ಹೋದರೆ ಕಪ್ಪು, ಒಳಗೆ ಬಂದರೆ ಬಿಳಿ. ನನ್ನದು 14,500, ಆಫೀಸಿಗೂ ಅದೇ, ಕೋರ್ಸಿಗೂ ಅದೇ. ಎರಡೆರಡು ಡಬ್ಬಿ ಹೊತ್ತು ತಿರುಗುವವರನ್ನು ನೋಡಿದರೆ ನಗು ಬರುತ್ತದೆ.

ಹಳೇ ಚಶ್ಮಾ:
ನಗಿ ಸರ್. ಏಪ್ರಿಲ್ ಸೆಖೆಯಲ್ಲಿ ನಿಮ್ಮ ಫೋಟೊಕ್ರೋಮಿಕ್ ಎಷ್ಟು ಕಪ್ಪಾಗುತ್ತದೆ ಅಂತ ನೋಡಿದ್ದೀರಾ? ಬಿಸಿ ಜಾಸ್ತಿ ಆದಷ್ಟೂ ಅದು ಕಮ್ಮಿ ಕಪ್ಪಾಗುತ್ತದೆ. ಕಾರಿನೊಳಗೆ ಕಪ್ಪಾಗುವುದೇ ಇಲ್ಲ, ಮುಂದಿನ ಗಾಜೇ ಯುವಿ ತಡೆಯುತ್ತದೆ. ಬಿಸಿಲಿಂದ ಮರದ ನೆರಳಿಗೆ ಬಾಲ್ ಹುಡುಕೋಕೆ ಹೋದರೆ ತಿಳಿಯಾಗೋಕೆ ನಿಮಿಷಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಹುಡುಕೋಕೆ ಕೊಡುವ ಮೂರು ನಿಮಿಷವೇ ಮುಗಿದಿರುತ್ತದೆ!

ಒಂದೇ ಕನ್ನಡಕ:
ಮರದ ಕೆಳಗೆ ಹೊಡೆಯದಿದ್ದರೆ ಆಯಿತು. ನಾನು ಫೇರ್‌ವೇಯಲ್ಲಿ ಆಡುತ್ತೇನೆ.

ಥ್ರೀ ಪಟ್ ರಾಯ:
ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕ) ಎಷ್ಟು ಸರ್ ತಮ್ಮದು, ಫೇರ್‌ವೇಯಲ್ಲೇ ಆಡುವವರದ್ದು?

ಒಂದೇ ಕನ್ನಡಕ:
ಅದು ಇಲ್ಲಿ ವಿಷಯ ಅಲ್ಲ.

ಬ್ಯಾಗ್ ಹೊತ್ತವನು:
ನಾನು ಕ್ಯಾಡಿ, ಆಟಗಾರರ ಬ್ಯಾಗ್ ಹೊರುವವನು. ನೀವೆಲ್ಲ ಸಾವಿರದ ಲೆಕ್ಕ ಮಾತಾಡುತ್ತಿದ್ದೀರಿ, ನಾನೂ ನನ್ನದು ಹೇಳುತ್ತೇನೆ. ನೀವು ಹೊಡೆದು ತಲೆ ಬಗ್ಗಿಸುತ್ತೀರಿ. ಸೂರ್ಯನ ಎದುರಿಗೆ ಬಾಲ್ ಎಲ್ಲಿ ಬಿತ್ತು ಅಂತ ನೋಡುವವರು ನಾವು. ಬೆಳಗ್ಗೆ ಒಂದು ರೌಂಡ್, ಮಧ್ಯಾಹ್ನ ಇನ್ನೊಂದು, ವಾರವಿಡೀ. ನನ್ನ ಕನ್ನಡಕ ರಸ್ತೆ ಬದಿಯದು, 250 ರೂಪಾಯಿ, ಚೌಕಾಸಿ ಮಾಡಿ 180. ಕಂದು ಗಾಜು. ಬಾಲ್ ಕಳೆದಿದ್ದು ಕಡಿಮೆ, ಬೇಕಾದರೆ ನಮ್ಮ ಮೆಂಬರ್‌ಗಳನ್ನು ಕೇಳಿ. ಬಿಡದಿ ಕಡೆಯ ಚಿಕ್ಕರಂಗಪ್ಪ ಅವರೂ ಬಾಲ್ ಹೆಕ್ಕುವುದರಿಂದಲೇ ಶುರು ಮಾಡಿ ಪ್ರೊ (ವೃತ್ತಿಪರ) ಗಾಲ್ಫರ್ ಆದರು. ಆಗ ಅವರಿಗೆ ಯಾರು ಗುಲಾಬಿ ಲೆನ್ಸ್ ಕೊಡಿಸಿದ್ದರು?

ಒಂದೇ ಕನ್ನಡಕ:
ರಸ್ತೆ ಬದಿಯದು ಹಾಕುವುದಕ್ಕಿಂತ ಬರಿಗಣ್ಣೇ ವಾಸಿ ತಮ್ಮಾ. ಗಾಜು ಕಪ್ಪಗಿದ್ದರೆ ಪಾಪೆ ಅಗಲವಾಗುತ್ತದೆ, ಯುವಿ ತಡೆ ಇಲ್ಲದಿದ್ದರೆ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಬೆಂಗಳೂರು ಇರುವುದೇ 900 ಮೀಟರ್ ಎತ್ತರದಲ್ಲಿ, ಮೋಡ ಇದ್ದರೂ ಯುವಿ ಬರುತ್ತದೆ.

ಬ್ಯಾಗ್ ಹೊತ್ತವನು:
ಹಾಗಾದರೆ ಕ್ಯಾಡಿಗಳಿಗೂ ಒಳ್ಳೆಯದು ಕೊಡಿಸಿ ಸರ್. ಛತ್ರಿ ನಿಮ್ಮ ತಲೆ ಮೇಲೆ ಹಿಡಿಯುವವರು ನಾವು, ಬಿಸಿಲು ನಮಗೆ.

ಬೆಟ್ಟದ ತಪ್ಪಲು:
ಸರಿಯಾಗಿ ಹೇಳಿದಿರಿ. ನನ್ನ ಆಪರೇಷನ್ ದಿನ ಪಕ್ಕದ ಬೆಡ್‌ನಲ್ಲಿ ಗದ್ದೆ ಕೆಲಸ ಮಾಡುವವರೊಬ್ಬರಿದ್ದರು, ಎರಡೂ ಕಣ್ಣಿಗೆ ಅದೇ. ಆಗ ಯಾರೂ ಗ್ರೇನ್ ಮಾತಾಡಲಿಲ್ಲ.

ಥ್ರೀ ಪಟ್ ರಾಯ:
ಮೇಡಂ, ಮತ್ತೆ ನನ್ನ ಕಡೆ ಯಾಕೆ?

ವೀಕೆಂಡ್ ಬೋಗಿ:
ನನ್ನ ಪವರ್ ಮೈನಸ್ 3.5 ಅಂತ ಬರೆದಿದ್ದೆ. ಅದರ ಬಗ್ಗೆ ಯಾರಾದರೂ...

ಹಳೇ ಚಶ್ಮಾ:
ಮೇಲೆ ಬರೆದಿದ್ದೇನಲ್ಲ ಸ್ವಾಮಿ, ಓದಿ. ಇನ್ನೊಂದು, ಸನ್‌ಸ್ಕ್ರೀನ್ ಬಳಿದ ಕೈಯಲ್ಲಿ ಲೆನ್ಸ್ ಮುಟ್ಟಬೇಡಿ. ನನ್ನ 1,800ರ ಕೋಟಿಂಗ್ ಸಿಪ್ಪೆ ಎದ್ದಿದ್ದು ಹಾಗೆ. ಮಳಿಗೆಯವರು ಅದಕ್ಕೆ ವಾರಂಟಿ ಕೊಡಲಿಲ್ಲ, ಬೆವರು ಕಾರಣ ಅಂದರು. ಗಾಲ್ಫ್ ಕನ್ನಡಕಕ್ಕೆ ಬೆವರು ತಾಗಬಾರದಂತೆ!

ಬ್ಯಾಗ್ ಹೊತ್ತವನು:
ಒಂದೇ ಕನ್ನಡಕ ಸರ್, ನಿಮಗೇ. ನಮ್ಮ ಕ್ಯಾಂಟೀನ್ ಕ್ಯಾಷಿಯರ್ ಹತ್ತಿರ ನೋಟು ನೋಡುವ ಯುವಿ ಟಾರ್ಚ್ ಇದೆ. 500ರ ನೋಟಿನ ಮೇಲೆ ಬಿಟ್ಟರೆ ನಂಬರ್ ಹೊಳೆಯುತ್ತದೆ. ನನ್ನ 180ರ ಕನ್ನಡಕ ಅಡ್ಡ ಇಟ್ಟೆ, ಹೊಳಪು ಪೂರಾ ಹೋಯಿತು. ಪ್ಲಾಸ್ಟಿಕ್ ಪಾಲಿಕಾರ್ಬೊನೇಟ್ ಆಗಿದ್ದರೆ ಅದೇ ಯುವಿ ತಡೆಯುತ್ತದೆ ಅಂತ ಕ್ಯಾಷಿಯರ್ ಅಣ್ಣನೇ ಹೇಳಿದರು. ಕೆಳಗೆ ಫೋಟೋ ಹಾಕಿದ್ದೇನೆ.

ಒಂದೇ ಕನ್ನಡಕ:
ಗಾಜು ಕಪ್ಪಗಿದ್ದರೆ ಹೊಳಪು ಹೇಗಾದರೂ ಕಮ್ಮಿ ಕಾಣುತ್ತದೆ. ಅದು ಟೆಸ್ಟ್ ಅಲ್ಲ. ಆಪ್ಟಿಕಲ್ ಅಂಗಡಿಯ ಮೀಟರ್‌ನಲ್ಲಿ ನೋಡಿಸಬೇಕು.

ಬ್ಯಾಗ್ ಹೊತ್ತವನು:
ನೋಡಿಸೋಣ ಸರ್, ನಿಮ್ಮ 14,500ದ್ದೂ ತನ್ನಿ. ಸೋತವರು ಇಡೀ ಕ್ಯಾಡಿ ಶೆಡ್‌ಗೆ ಮಸಾಲೆ ದೋಸೆ.

ಥ್ರೀ ಪಟ್ ರಾಯ:
ನಾನೂ ಬರುತ್ತೇನೆ. ಹ್ಯಾಂಡಿಕ್ಯಾಪ್ ಕಾರ್ಡೂ ತರಲಿ ಅವರು.